ಕೇಳಿಕೊಂಡು ಹೊರಡುವ ಸುಖ

ಕೆಲವರಿಗೆ ತಿರುಗಾಟದ ಹುಚ್ಚು, ಕೆಲವರಿಗೆ ತಿರುಗಾಟದ ಫೋಟೊ ಹುಚ್ಚು. ನನ್ನದು ತಿರುಗಾಟದ ಯೋಜನೆ ಹಾಕುವ ಹುಚ್ಚು. ಹೊರಡುವ ದಿನ ಹತ್ತಿರ ಬಂದಂತೆ ಒಳಗೊಳಗೇ ಬೇಸರವಾಗುತ್ತದೆ. ಇನ್ನು ಯಾರನ್ನೂ ಕೇಳುವುದಿಲ್ಲ, ಬರೆದದ್ದನ್ನು ಅಳಿಸಿ ಮತ್ತೆ ಬರೆಯುವುದಿಲ್ಲ, ಬರೀ ಹೋಗಿಬರುವುದಷ್ಟೇ ಉಳಿಯಿತಲ್ಲ ಅಂತ.

ಈ ಚಟ ಹತ್ತಿಸಿದ್ದು ನಮ್ಮ ನಾಲವಾರದ ಸ್ಟೇಷನ್ನು. ಮುಂಬಯಿಯಿಂದ ಚೆನ್ನೈಗೆ ಹೋಗುವ ದೊಡ್ಡ ಲೈನಿನ ಮೇಲೆ, ವಾಡಿ ದಾಟಿ ಯಾದಗಿರಿ ಬರುವ ಮೊದಲು ಸಿಗುವ ಊರು ನಮ್ಮದು. ಕಣ್ಣ ಮುಂದೆ ಧೂಳೆಬ್ಬಿಸಿ ಹೋಗುವ ಗಾಡಿ ಬಹಳ, ನಿಲ್ಲುವ ಗಾಡಿ ಕಡಿಮೆ. ದೂರ ಹೋಗುವವರು ವಾಡಿಯ ಲೆಕ್ಕ ಹಾಕಲೇಬೇಕು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನ ಕಡೆ ಕವಲೊಡೆದದ್ದು ಅಲ್ಲಿಂದಲೇ. ಯಾವ ಪ್ಯಾಸೆಂಜರ್ ಹಿಡಿದರೆ ವಾಡಿಯಲ್ಲಿ ಯಾವ ಎಕ್ಸ್‌ಪ್ರೆಸ್ ಸಿಗುತ್ತದೆ ಎಂಬ ಲೆಕ್ಕ ನಮಗೆ ಮಗ್ಗಿಯ ಜೊತೆಗೇ ಬಂದದ್ದು. ಆದರೆ ಜನರಲ್ ಡಬ್ಬಿ ಪ್ಲಾಟ್‌ಫಾರಂನ ಯಾವ ತುದಿಗೆ ನಿಲ್ಲುತ್ತದೆ, ಯಾವ ಗಾಡಿ ದಿನಾ ತಡ ಅನ್ನುವುದು ಟೈಮ್‌ಟೇಬಲ್ಲಿನಲ್ಲಿ ಇರುವುದಿಲ್ಲ. ಅದನ್ನು ಚಹಾ ಮಾರುವವನನ್ನೇ ಕೇಳಬೇಕು. ಅಚ್ಚಾದದ್ದಕ್ಕಿಂತ ಅಲ್ಲೇ ಇರುವವನಿಗೆ ಹೆಚ್ಚು ಗೊತ್ತಿರುತ್ತದೆ ಎಂಬ ಪಾಠ ಅಲ್ಲಿ ಆಯಿತು.

ಮುಂದೆ ನಾವೇ ಹೇಳುವವರಾದೆವು. ಸನ್ನತಿಗೆ ರೈಲಿನಲ್ಲಿ ಬರುವವರು ಇಳಿಯುವುದು ನಾಲವಾರದಲ್ಲಿ. ಇಲ್ಲಿಂದ ಸುಮಾರು 20 ಕಿ.ಮೀ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ಗೊತ್ತಾಯಿತು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೂ, ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಚಿತ್ರವೂ ಸಿಕ್ಕವು. ಅಂದಿನಿಂದ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡವರು, ಪ್ರಾಕೃತ ಓದಿದವರು, ಬುದ್ಧನ ಭಕ್ತರು ಬರುತ್ತಲೇ ಇದ್ದಾರೆ. ಅವರು ಕೇಳುವುದು ಒಂದೇ ಮಾತು: ‘ಏನೇನು ನೋಡಬೇಕು?’ ಅದಕ್ಕೆ ಉತ್ತರ ಅವರ ಪುಸ್ತಕದಲ್ಲೇ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ನಾವು ಹೇಳುತ್ತೇವೆ: ‘ಏಪ್ರಿಲ್ ಮೇದಾಗ ಬರಬ್ಯಾಡ್ರಿ, ಬಂದ್ರೂ ಹನ್ನೊಂದರೊಳಗ ನೋಡಿ ಮುಗಿಸ್ರಿ. ನೀರು ಇಲ್ಲಿಂದೇ ಒಯ್ರಿ. ತಿರುಗಿ ಬರಲಿಕ್ಕೆ ಗಾಡಿ ಈಗೇ ಮಾತಾಡಿಟ್ಟುಕೋರಿ. ಕೋರಿಸಿದ್ಧೇಶ್ವರ ಮಠದ ಜಾತ್ರಿ ಇದ್ದಾಗ ಬಂದ್ರ ಊರಾಗ ಕಾಲಿಡಾಕ ಜಾಗ ಇರಂಗಿಲ್ಲ, ಆದ್ರ ಊಟಕ್ಕ ಚಿಂತಿ ಇಲ್ಲ.’ ಹೀಗೆ ಹೇಳಿ ಹೇಳಿ ಒಂದು ಗೊತ್ತಾಯಿತು. ಬರುವವನಿಗೆ ತನಗೆ ಏನು ಗೊತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಅದನ್ನು ಹೊರಗೆಳೆಯುವ ಪ್ರಶ್ನೆ ಹುಡುಕುವುದೇ ಯೋಜನೆಯ ಅರ್ಧ ಕೆಲಸ.

ಈ ಬುದ್ಧಿಯನ್ನು ಈಗ ಲಂಡನ್ನಿನ ಮೇಲೆ ಪ್ರಯೋಗಿಸುತ್ತಿದ್ದೇನೆ. ಅಣ್ಣನ ಮಗಳು ಅಲ್ಲಿ ನರ್ಸು. ನಮ್ಮ ಮನೆಯಾಕೆಗೆ ಥೇಮ್ಸ್ ದಡದ ಬಸವಣ್ಣನನ್ನು ನೋಡಬೇಕು. ಕಲಬುರಗಿ ಸೀಮೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಓಡಾಟದಿಂದ ಎದ್ದುನಿಂತ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ್ದನ್ನು ನಾವು ಟೀವಿಯಲ್ಲಿ ನೋಡಿದ್ದೆವು.

ನಾನು ಮಗಳಿಗೆ ‘ಏನು ನೋಡಲಿ’ ಎಂದು ಕೇಳಲಿಲ್ಲ. ‘ರಜಾ ಇದ್ದ ದಿನ ನೀ ಎಲ್ಲಿಗೆ ಹೋಗ್ತಿ? ನಿಮ್ಮವ್ವ ಬಂದಾಗ ಎಲ್ಲಿ ದಣಿದು ಕುಂತಳು?’ ಎಂದು ಕೇಳಿದೆ. ಬಂದ ಉತ್ತರಗಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದಿಟ್ಟೆ. ‘ಕಾಕಾ, ಜೂನ್‌ದಾಗ ಬರ್ರಿ, ರಾತ್ರಿ ಒಂಬತ್ತಾದ್ರೂ ಬೆಳಕಿರ್ತದ. ಡಿಸೆಂಬರ್‌ದಾಗ ನಾಕಕ್ಕೇ ಕತ್ತಲಾಗ್ತದ. ಬಸ್ಸಿನಾಗ ರೊಕ್ಕ ತೊಗೊಳಂಗಿಲ್ಲ, ಕಾರ್ಡ್ ಮುಟ್ಟಿಸಬೇಕು. ಕಾಕುಗೂ ನಿಮಗೂ ಬ್ಯಾರೆ ಬ್ಯಾರೆ ಕಾರ್ಡ್ ಇರ್ಲಿ, ಒಂದರಾಗ ಇಬ್ಬರು ಹತ್ತಲಿಕ್ಕೆ ಬರಂಗಿಲ್ಲ. ದಿನಾ ಎಷ್ಟು ತಿರುಗಿದ್ರೂ ಇಂತಿಷ್ಟರ ಮ್ಯಾಲ ಕತ್ತರಿಸಂಗಿಲ್ಲ. ನೀರಿನ ಬಾಟ್ಲಿ ಕೊಳ್ಳಬ್ಯಾಡ್ರಿ, ನಳದ ನೀರು ಕುಡೀಬಹುದು.’ ಲಂಡನ್ ಬಸ್ಸುಗಳು ನಗದು ಬಿಟ್ಟದ್ದು 2014ರಲ್ಲಿ. ಅದು ಎಲ್ಲಿ ಬೇಕಾದರೂ ಸಿಗುವ ಮಾಹಿತಿ. ಗಂಡಹೆಂಡತಿಗೆ ಎರಡು ಕಾರ್ಡು ಬೇಕು ಎನ್ನುವುದು ಬಸ್ಸಿನ ಬಾಗಿಲಲ್ಲಿ ತಡವರಿಸಿ ನಿಂತ ತಾಯಿಯನ್ನು ನೋಡಿದ ಮಗಳಿಗೇ ಮೊದಲು ನೆನಪಾಗುವ ಮಾತು.

ಬಸವಣ್ಣನ ಬಳಿಗೆ ಹೋಗುವ ದಾರಿಯನ್ನೂ ಅವಳೇ ಹಾಕಿಕೊಟ್ಟಳು. ಟ್ಯಾಕ್ಸಿ ಬೇಡ, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ನದಿಯ ಗುಂಟ ನಡೆದುಬಿಡಿ ಅಂದಳು. ಆಚೆ ದಡಕ್ಕೆ ಪಾರ್ಲಿಮೆಂಟು, ಈಚೆಗೆ ಸೇಂಟ್ ಥಾಮಸ್ ಆಸ್ಪತ್ರೆ. ಆಸ್ಪತ್ರೆಯ ಮುಂದಿನ ಗೋಡೆಗೆ, ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೆ ಒಂದೊಂದರಂತೆ, 2021ರಲ್ಲಿ ಜನ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಉದ್ದಕ್ಕೆ. ‘ಅಲ್ಲಿ ಎರಡು ನಿಮಿಷ ನಿಂತು ಮುಂದ ಹೋಗ್ರಿ, ಕಾಕಾ’ ಅಂದಳು, ಮತ್ತೇನೂ ಹೇಳಲಿಲ್ಲ. ಆ ವರ್ಷಗಳಲ್ಲಿ ಅವಳು ವಾರ್ಡಿನಲ್ಲಿದ್ದಳು. ಅಲ್ಲಿಂದ ಲ್ಯಾಂಬೆತ್ ಅರಮನೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್; ಬಸವಣ್ಣ ಇರುವುದು ಅಲ್ಲಿ. ಈ ದಾರಿಯನ್ನು ಯಾವ ಟೂರ್ ಕಂಪನಿ ನನಗೆ ಹಾಕಿಕೊಡುತ್ತಿತ್ತು?

ಒಬ್ಬರನ್ನೇ ಕೇಳಿ ನಂಬಿಬಿಡುವುದು ಸೋಮಾರಿತನ. ಹೊಸದಾಗಿ ಹೋದವರಿಗೆ ಖರ್ಚಿನ ಲೆಕ್ಕ ಗೊತ್ತು, ಹಳಬರಿಗೆ ಹವೆಯ ಲೆಕ್ಕ. 1983ರಿಂದ ಯುಗಾದಿ, ದೀಪಾವಳಿ ಮಾಡಿಕೊಂಡು ಬಂದ ಕನ್ನಡ ಬಳಗ ಯು.ಕೆ.ಯಂಥ ಕೂಟಗಳಲ್ಲಿ ಎರಡೂ ಬಗೆಯವರು ಸಿಗುತ್ತಾರೆ. ಸೇಡಂ ಕಡೆಯ ಹಿರಿಯರೊಬ್ಬರು, ಅಲ್ಲೇ ಕೂದಲು ನೆರೆಸಿಕೊಂಡ ವೈದ್ಯರು, ಮಗಳ ಮಾತನ್ನು ಅರ್ಧ ಒಪ್ಪಿ ಅರ್ಧ ತಳ್ಳಿದರು. ಜೂನ್ ಅಂದರೂ ಸ್ವೆಟರ್ ಬಿಡಬಾರದು, ಛತ್ರಿಗಿಂತ ಟೊಪ್ಪಿಗೆಯ ಜಾಕೆಟ್ಟು ಮೇಲು, ಭಾನುವಾರ ದೊಡ್ಡ ಅಂಗಡಿಗಳು ಆರೇ ತಾಸು ತೆರೆದಿರುತ್ತವೆ ಅಂದರು. ರೊಟ್ಟಿ ಕಟ್ಟಿಕೊಂಡು ಹೋಗಬೇಕೆ ಎಂಬ ನಮ್ಮ ಮನೆಯಾಕೆಯ ದೊಡ್ಡ ಪ್ರಶ್ನೆಗೂ ಅವರಲ್ಲೇ ಉತ್ತರ ಇತ್ತು: ‘ಖಡಕ್ ರೊಟ್ಟಿ, ಶೇಂಗಾ ಹಿಂಡಿ ತರ್ರಿ. ತುಪ್ಪ, ಪೇಡೆ ತರಬ್ಯಾಡ್ರಿ, ಹಾಲಿಂದು ಮಾಡಿದ್ದು ಒಳಗ ಬಿಡಂಗಿಲ್ಲ. ಹಿಟ್ಟಿನ ಚಿಂತಿ ಬ್ಯಾಡ. ವೆಂಬ್ಲಿಯೊಳಗ ಗುಜರಾತಿ ಅಂಗಡಿಗೆ ಹೋಗಿ ಜುವಾರ್ ಅಂದ್ರ ಜ್ವಾಳದ ಹಿಟ್ಟು ಕೊಡ್ತಾರ.’ ಮನೆಯಾಕೆ ಲಂಡನ್ನಿಗೆ ಪೂರ್ತಿ ಒಪ್ಪಿದ್ದು ಆ ಗಳಿಗೆಯಲ್ಲಿ.

ನನ್ನ ಪಾಲಿನ ದಿನವನ್ನು ಬ್ರಿಟಿಷ್ ಮ್ಯೂಸಿಯಂಗೆ ಇಟ್ಟುಕೊಂಡಿದ್ದೇನೆ. ಅಲ್ಲಿ ಒಳಗೆ ಹೋಗಲು ಟಿಕೆಟ್ಟಿಲ್ಲ. ಶುಕ್ರವಾರ ರಾತ್ರಿ ಎಂಟೂವರೆವರೆಗೆ ತೆರೆದಿರುತ್ತದೆ, ಶಾಲೆಯ ಮಕ್ಕಳ ಗದ್ದಲ ಅಷ್ಟೊತ್ತಿಗೆ ಕರಗಿರುತ್ತದೆ ಎಂಬುದೂ ಮಗಳಿಂದ ಬಂದ ಸುಳಿವೇ. 33ಎ ಎಂಬ ಕೋಣೆಯಲ್ಲಿ ಅಮರಾವತಿ ಸ್ತೂಪದ ಸುಣ್ಣಗಲ್ಲಿನ ಕೆತ್ತನೆಗಳಿವೆ. ಸನ್ನತಿಯ ಮಗ್ಗುಲಲ್ಲಿ ಹರಿಯುವ ನಮ್ಮ ಭೀಮೆ ಹೋಗಿ ಸೇರುವುದು ಕೃಷ್ಣೆಯನ್ನು, ಅಮರಾವತಿ ಇರುವುದು ಅದೇ ಕೃಷ್ಣೆಯ ದಡದಲ್ಲಿ. ಕನಗನಹಳ್ಳಿಯ ಕಲ್ಲಿಗೂ ಆ ಕಲ್ಲಿಗೂ ಕೈ ಒಂದೇ ಮನೆತನದ್ದು. ಅಮರಾವತಿಯಲ್ಲಿ 1845ರಲ್ಲಿ ಅಗೆಸಿದ ವಾಲ್ಟರ್ ಎಲಿಯಟ್ ಯಾರೆಂದು ಹುಡುಕಿದರೆ ಸಿಕ್ಕದ್ದು ನಮ್ಮದೇ ಕಥೆ. 1824ರಲ್ಲಿ ಕಿತ್ತೂರು ಚೆನ್ನಮ್ಮ ಸೆರೆಹಿಡಿದು ಇಟ್ಟುಕೊಂಡಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಆತ ಒಬ್ಬ. ಮುಂದೆ ಕನ್ನಡ ಶಾಸನಗಳನ್ನು ಊರೂರು ತಿರುಗಿ ಪ್ರತಿಮಾಡಿಸಿದವನೂ ಆತನೇ. ಹೀಗೊಂದು ಎಳೆ ಕೈಗೆ ಸಿಕ್ಕ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಈ ಸುಖಕ್ಕೆ ವಿಮಾನದ ಟಿಕೆಟ್ಟು ಬೇಡ.

ಕಾಗದಪತ್ರದ ಕೆಲಸ ಮಾತ್ರ ಯಾರಿಗೂ ಸುಖದ್ದಲ್ಲ. ಪಾಸ್‌ಪೋರ್ಟಿಗೆ ಕಲಬುರಗಿ, ವೀಸಾದ ಬೆರಳಚ್ಚಿಗೆ ಹೈದರಾಬಾದ್, ಜೊತೆಗೆ ಬ್ಯಾಂಕಿನ ಲೆಕ್ಕಪತ್ರ. ಹೈದರಾಬಾದಿಗೆ ವಾಡಿಯಿಂದ ಆ ಹಳೇ ನಿಜಾಮರ ಲೈನಿನಲ್ಲೇ ಹೋಗಿಬಂದರಾಯಿತು. ಇಲ್ಲಿ ಸ್ಥಳೀಯರ ಮಾತನ್ನು ನಾನು ಕೇಳುವುದಿಲ್ಲ. ವೀಸಾದ ವಿಷಯಕ್ಕೆ ಸರ್ಕಾರದ ಬರಹವೇ ಪ್ರಮಾಣ. ನಿಯಮ ಬದಲಾಗುತ್ತಿರುತ್ತದೆ, ಹೋದ ವರ್ಷ ಹೋಗಿಬಂದವರ ಅನುಭವ ಈ ವರ್ಷ ದಾರಿ ತಪ್ಪಿಸಬಹುದು. ಯಾವುದನ್ನು ಯಾರಿಗೆ ಕೇಳಬೇಕು ಎಂದು ಬೇರ್ಪಡಿಸುವುದೂ ಈ ಕಲೆಯ ಭಾಗ.

ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿಗಳಿವೆ: ನೋಡಬೇಕಾದ್ದು, ಬಿಡಬೇಕಾದ್ದು. ಎರಡನೆಯದೇ ಉದ್ದ, ಅದೇ ಹೆಚ್ಚು ಬೆಲೆಯದ್ದು. ‘ಅದು ಬಿಡ್ರಿ, ಫೋಟೊದಾಗ ಚಂದ ಅಷ್ಟೇ’ ಎಂದು ಹೇಳಬಲ್ಲವರು ಅಲ್ಲಿ ದಿನಾ ಬದುಕುವವರು ಮಾತ್ರ. ನೀವು ಯಾವ ದೇಶಕ್ಕೆ ಹೊರಟರೂ ಅಲ್ಲಿ ಇರುವ ಒಬ್ಬರನ್ನು ಹುಡುಕಿ, ಅವರ ಊರಿನ ಹಿರಿಮೆಗಿಂತ ಅವರ ಭಾನುವಾರದ ಬಗ್ಗೆ ಕೇಳಿ. ನಿಮ್ಮ ಊರಿಗೆ ಬರುವವರು ಕೇಳಿದಾಗ ನೀವೂ ಇದ್ದದ್ದನ್ನು ಇದ್ದಹಾಗೆ ಹೇಳಿ. ಸನ್ನತಿ ನೋಡಬೇಕೆಂದರೆ ಮಳೆ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಬರುವ ಮೊದಲು ನಾಲವಾರದವರನ್ನು ಒಂದು ಮಾತು ಕೇಳಿ.