ಗಿಟಾರಿನ ನೆಕ್ಕಿಗೆ ಬಣ್ಣ ಬಳಿಯುವ ಮೊದಲು...

ಗಿಟಾರಿನ ನೆಕ್ಕಿಗೆ ಮನೆಯಲ್ಲೇ ಬಣ್ಣ ಬಳಿಯುವುದು ದೊಡ್ಡ ವಿದ್ಯೆ ಏನಲ್ಲ ಮಾರಾಯ್ರೆ, ತಾಳ್ಮೆ ಇದ್ರೆ ಆಯ್ತು. ಆದ್ರೆ ಎಲ್ಲಿ ಬಳಿಯಬಾರದು ಅಂತ ತೀರ್ಮಾನ ಮಾಡುವುದು ಉಂಟಲ್ಲ, ಅದು ಕಷ್ಟ.

ಉಡುಪಿಯ ನಮ್ಮ ಮನೆಯಲ್ಲಿರುವ ಗಿಟಾರು ಅಣ್ಣನದ್ದು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಣ್ಣ 2021ರಲ್ಲಿ ತೀರಿಕೊಂಡ. ಈಗ ಅವನ ಮಗಳು ಕಲಿಯಲು ಶುರುಮಾಡಿದ್ದಾಳೆ. "ಚಿಕ್ಕಪ್ಪ, ನೆಕ್ ಪೂರ್ತಿ ಕಪ್ಪು ಮಾಡುವ" ಅಂತ ಅವಳ ಹಟ.

ತಂತಿ ಬಿಚ್ಚಿ ತಿರುಗಿಸಿ ನೋಡಿದೆ. ನೆಕ್ಕಿನ ಹಿಂಬದಿ, ಎರಡನೇ ಫ್ರೆಟ್ಟಿನ ಹತ್ತಿರ, ವಾರ್ನಿಶ್ ಸವೆದು ಬರಿಮರ ಕಾಣುತ್ತಿತ್ತು. ಅಣ್ಣನಿಗೆ ಬರುತ್ತಿದ್ದದ್ದು ಜಿ, ಸಿ, ಡಿ ಅಂತ ಮೂರ್ನಾಲ್ಕು ಕಾರ್ಡು. ಕೈ ಅಲ್ಲಿಂದ ಆಚೆ ಹೋದದ್ದೇ ಕಮ್ಮಿ. ಹೆಬ್ಬೆರಳು ಕೂತು ಕೂತು ಅಷ್ಟೇ ಜಾಗ ಸವೆದಿತ್ತು.

ಉಪ್ಪುಕಾಗದ ಹಿಡಿದು ಉಜ್ಜಿದರೆ ಐದೇ ನಿಮಿಷದಲ್ಲಿ ಆ ಗುರುತು ಮಾಯ. ಹಾಗೇ ಬಿಡುವ ಹಾಗೂ ಇಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಲ್ಲಿ ಬರಿಮರ ತೇವ ಎಳೆದುಕೊಳ್ತದೆ, ಬೆವರು ಹಿಡಿದು ಕಪ್ಪಾಗ್ತದೆ. ನೆಕ್ ಬಾಗಿದ್ರೆ ತಂತಿ ಒತ್ತುವುದೂ ಕಷ್ಟ.

ಕಾಪುವಿನ ಭಾವನ ಸಲಹೆ ಬೇರೆಯೇ: "ದೋಣಿಗೆ ಹಾಕುವ ಗೇರು ಎಣ್ಣೆ ಬಳಿಯಿರಿ. ಕಾರ್ಕಳದಲ್ಲಿ ಗೇರು ಫ್ಯಾಕ್ಟರಿ ಇಲ್ವಾ, ಕೇಳಿದ್ರೆ ಸಿಗ್ತದೆ." ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯದೇ. ಜಪಾನಿನಲ್ಲಿ ಅದನ್ನು ಸಂಸ್ಕರಿಸಿ ಮೆರುಗೆಣ್ಣೆ ಮಾಡ್ತಾರೆ. ಆದ್ರೆ ಹಸಿ ಎಣ್ಣೆ ಚರ್ಮ ಸುಡ್ತದೆ. ದೋಣಿಯನ್ನು ಯಾರೂ ಅಂಗೈಯಲ್ಲಿ ಹಿಡಿದು ನುಡಿಸುವುದಿಲ್ಲವಲ್ಲ!

ಕೊನೆಗೆ ಹುಡುಗಿಯನ್ನೇ ಕರೆದೆ. "ಇಲ್ಲಿ ಹೆಬ್ಬೆರಳಿಡು." ಇಟ್ಟಳು. "ಪಪ್ಪನದ್ದಾ?" ಅಂತ ಕೇಳಿದಳು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ತಲೆ ಮಾತ್ರ ಕಪ್ಪು ಸಾಕು" ಅಂದಳು.

ಮಳೆಗಾಲ ಮುಗಿಯುವವರೆಗೆ ಕಾದೆವು. ಗಾಳಿಯಲ್ಲಿ ತೇವ ಇರುವಾಗ ಸ್ಪ್ರೇ ಹೊಡೆದರೆ ಥಿನ್ನರ್ ಆರುವ ರಭಸಕ್ಕೆ ಮೇಲ್ಮೈ ತಣ್ಣಗಾಗಿ, ಪಸೆ ಹಿಡಿದು, ಬಣ್ಣ ಬಿಳಿಚಿಕೊಳ್ತದೆ. ಕಿವಿಗಳನ್ನು ಬಿಚ್ಚಿ, ತಲೆಯ ಭಾಗವನ್ನು 400 ನಂಬರ್ ಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ತೆಳುವಾಗಿ ನಾಲ್ಕು ಸಲ ಕಪ್ಪು ಬಣ್ಣ. ಎರಡು ವಾರ ಒಣಗಿದ ಮೇಲೆ 1000, 2000 ನಂಬರಿನಲ್ಲಿ ನೀರು ಹಾಕಿ ಉಜ್ಜಿದ್ದು. ತಂತಿಯ ಕೆಳಗಿನ ಹಲಗೆ ಬೀಟೆಯದ್ದು. ನಮ್ಮ ಘಟ್ಟದಲ್ಲೂ ಬೆಳೆಯುವ ಮರ. ಅದಕ್ಕೆ ವಾರ್ನಿಶ್ ಬೇಡ, ಟೇಪು ಅಂಟಿಸಿ ಮುಚ್ಚಿದೆ. ಹಿಂಬದಿಯ ಹೊಳಪನ್ನು ಮಾತ್ರ 600ರಲ್ಲಿ ತೆಗೆದೆ, ಬೆವರಿದ ಕೈ ಅಂಟಬಾರದಲ್ಲ.

ಹೆಬ್ಬೆರಳಿನ ಗುರುತಿಗೆ ಕಾಗದ ತಾಗಿಸಲಿಲ್ಲ. ಬಾಯ್ಲ್ಡ್ ಲಿನ್ಸೀಡ್ ಎಣ್ಣೆ ಸವರಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿದೆ. ಎರಡೆರಡು ದಿನ ಬಿಟ್ಟು ಹೀಗೆ ಮೂರು ಸಲ. ನೀವೂ ಮಾಡುವುದಾದ್ರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು. ಹೊರಗೆ ಹರಡಿ ಒಣಗಿಸಿ.

ಈಗ ಅವಳ ಹೆಬ್ಬೆರಳು ಅದೇ ಜಾಗ ಹುಡುಕಿ ಕೂರ್ತದೆ. ಮುಂದಿನ ವಾರ ಎಫ್ ಕಾರ್ಡು ಕಲಿಸ್ತಾರಂತೆ. ಅಣ್ಣನಿಗೆ ಅದು ಕೊನೆಗೂ ಒಲಿಯಲಿಲ್ಲ. ನೋಡುವ.