ಬಜೆ ತೇಯುವ ಮೊದಲು

ಮಂಜೇಶ್ವರದ ಉಪ್ಪನ ಅಂಗಡಿಯಲ್ಲಿ ಒಣ ಬಜೆ ಕೇಳುವವರು ಹೆಚ್ಚಾಗಿ ಮನೆಗೆ ಹೊಸ ಮಗು ಬಂದವರು. ಕೆಲವರು ಬಜೆ ಎನ್ನುತ್ತಾರೆ, ಕೆಲವರು ಮಲಯಾಳಂನಲ್ಲಿ ವಯಂಬು ಎನ್ನುತ್ತಾರೆ. ಎರಡೂ ಒಂದೇ. ಜೌಗು ನೆಲದಲ್ಲಿ, ತೋಡಿನ ಬದಿಯಲ್ಲಿ ಬೆಳೆಯುವ ಕತ್ತಿಯಂಥ ಎಲೆಯ ಗಿಡದ ಬೇರುಗೆಡ್ಡೆ. ಅದನ್ನು ಕಲ್ಲಿನ ಮೇಲೆ ತೇಯ್ದು ಮಗುವಿನ ನಾಲಗೆಗೆ ಹಚ್ಚಿದರೆ ಮಾತು ಬೇಗ ಬರುತ್ತದೆ, ಹೊಟ್ಟೆಯುಬ್ಬರ ಇಳಿಯುತ್ತದೆ ಎಂಬುದು ನಂಬಿಕೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ನನ್ನನ್ನು ಕಾಡುವುದು ಅಳತೆ. ಎರಡು ಸುತ್ತು ತೇಯ್ದರೂ ‘ಸ್ವಲ್ಪ’, ಹತ್ತು ಸುತ್ತು ತೇಯ್ದರೂ ‘ಸ್ವಲ್ಪ’. ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶವಿದೆ. ಈ ಎಣ್ಣೆ ತಿನ್ನಿಸಿದ ಇಲಿಗಳಲ್ಲಿ ಕ್ಯಾನ್ಸರ್ ಕಂಡದ್ದರಿಂದ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ನಮ್ಮ ದೇಶದ ಬಜೆಯಲ್ಲಿ ಈ ಅಂಶ ಯುರೋಪಿನದ್ದಕ್ಕಿಂತ ಹೆಚ್ಚು.

ಉಪ್ಪನಿಗೆ ಹೇಳಿದಾಗ, “ನಿನಗೂ ತೇಯ್ದು ಕೊಟ್ಟದ್ದಲ್ಲವಾ?” ಎಂದರು. ಆದರೆ ಈಗ ಬಜೆ ಕೇಳಿದವರಿಗೆ, “ಮಗುವಿಗಾ? ಎಷ್ಟು ತಿಂಗಳು?” ಎಂದು ಅವರೇ ವಿಚಾರಿಸುತ್ತಾರೆ. ಒಂದು ತುಂಡು ಬಜೆಯ ವ್ಯಾಪಾರ ಹೋದರೆ ಹೋಗಲಿ.

ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ, ಕಲ್ಲು ತೊಳೆಯುವ ಮೊದಲು ಮಕ್ಕಳ ಡಾಕ್ಟರನ್ನೊಮ್ಮೆ ಕೇಳಿ.