ಮೂರು ಊರು, ಮೂರು ಪ್ರೇಮಕತೆ, ಒಂದು ಹಲಸಿನ ಮರ

ಹೋದ ಮೇ ತಿಂಗಳ ಕೊನೇ ವಾರ ಮೂರು ದಿನ ರಜೆ ಹಾಕಿ ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ. ಮ್ಯಾನೇಜರ್‌ಗೆ ‘ಊರಲ್ಲಿ ಪೂಜೆ ಇದೆ’ ಅಂದಿದ್ದೆ. ನಿಜ ಹೇಳಿದ್ರೆ ನಗ್ತಿದ್ದರು. ನಾನೇ ಬರೆದ ಮೂರು ಪ್ರೇಮ ಕಾದಂಬರಿಗಳಲ್ಲಿ ಎಷ್ಟು ಸುಳ್ಳಿದೆ ಅಂತ ಹುಡುಕೋದಕ್ಕೆ ಹೊರಟಿದ್ದೆ.

ಕಾದಂಬರಿ ಅಂದಕೂಡಲೇ ದೊಡ್ಡದೇನೋ ಅಂದ್ಕೋಬೇಡಿ. ತಲಾ ನೂರೈವತ್ತು ಪುಟ, ಇನ್ನೂ ಅಚ್ಚಾಗಿಲ್ಲ. ಒಂದು ಭಟ್ಕಳದ್ದು, ಒಂದು ಹೊನ್ನಾವರದ್ದು, ಒಂದು ಕುಮಟೆಯದ್ದು. ಭಟ್ಕಳದಿಂದ ಕುಮಟೆಗೆ ಸುಮಾರು ಅರವತ್ತು ಕಿಲೋಮೀಟರ್. ಬೆಂಗಳೂರಲ್ಲಿ ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋವಷ್ಟು ಹೊತ್ತು ಬಸ್ಸಲ್ಲಿ ಕೂತರೆ ಮುಗೀತು. ನನ್ನ ಮಟ್ಟಿಗೆ ಅದು ಸಮುದ್ರದ ಪಕ್ಕ ಉದ್ದಕ್ಕೆ ಹಾಸಿದ ಒಂದೇ ನಗರ. ಹೆದ್ದಾರಿ 66 ಅದರ ಮೇನ್ ರೋಡ್. ಒಂದು ಕಾದಂಬರಿಯ ನಾಯಕಿ ಇನ್ನೊಂದರಲ್ಲಿ ಬಸ್ಸಿನ ಕಿಟಕಿ ಪಕ್ಕ ಸುಮ್ಮನೆ ಕೂತಿರ್ತಾಳೆ. ಯಾರು ಯಾವ ವರ್ಷ ಎಲ್ಲಿದ್ದರು ಅಂತ ಎಕ್ಸೆಲ್ ಶೀಟ್ ಮಾಡಿಟ್ಟಿದ್ದೇನೆ. ಹೊಟ್ಟೆಪಾಡಿನ ಅಭ್ಯಾಸ, ಬಿಡೋದಿಲ್ಲ.

ಆದರೆ ಶೀಟ್ ಸರಿ ಇದ್ದ ಮಾತ್ರಕ್ಕೆ ಊರು ಸರಿ ಇರಬೇಕಲ್ಲ. ಹುಬ್ಬಳ್ಳಿಯಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳತಿ ಭಟ್ಕಳದವಳು. ಮೊದಲ ಕಾದಂಬರಿ ಓದಿ ಅವಳು ಕಳಿಸಿದ್ದು ಒಂದೇ ಸಾಲು: ‘ಇದು ಯಾವ ಭಟ್ಕಳ?’

ಬೆಳಗಿನ ಜಾವ ಸ್ಟೇಷನ್ನಿಗೆ ಅವಳೇ ಸ್ಕೂಟಿ ತಂದಿದ್ದಳು. ತಿಂಡಿ ಮುಗಿಯೋ ಮೊದಲೇ ಪ್ರಿಂಟ್ ಔಟ್ ಬಿಚ್ಚಿದಳು. “ನಿನ್ನ ಹುಡುಗಿ ಮನೇಲಿ ಅಮ್ಮನ ಜೊತೆ ಉರ್ದು ಮಾತಾಡ್ತಾಳೆ. ಅದೂ ಸಿನಿಮಾ ಉರ್ದು. ನಾವು ಮನೇಲಿ ಮಾತಾಡೋದು ನವಾಯತಿ ಕಣೇ.” ನವಾಯತಿ ಕೊಂಕಣಿಯ ಒಂದು ರೂಪ, ಅದರಲ್ಲಿ ಅರಬ್ಬಿ, ಪರ್ಶಿಯನ್ ಮಾತುಗಳು ಬೆರೆತಿವೆ. ಅವಳಮ್ಮ ಒಳಗಿಂದ ಏನೋ ಕೂಗಿದಾಗ ನನಗೂ ಅರ್ಧ ಅರ್ಥವಾಯ್ತು. ನಮ್ಮೂರ ಕೊಂಕಣಿ ಕಿವಿಗೆ ಬಿದ್ದವರಿಗೆ ಅಷ್ಟು ದೂರದ್ದಲ್ಲ. ಆಮೇಲೆ, ನನ್ನ ಜೋಡಿ ಶುಕ್ರವಾರ ಮಧ್ಯಾಹ್ನ ಪೇಟೆಯಲ್ಲಿ ಬಟ್ಟೆ ಅಂಗಡಿ ಹತ್ತಿ ಇಳೀತಾರೆ. “ಜುಮ್ಮಾ ಹೊತ್ತಲ್ಲಿ ಯಾವ ಅಂಗಡಿ ತೆಗೆದಿರ್ತದೆ?” ಅಂತ ಅವಳು ಕೆಂಪು ಪೆನ್ನಲ್ಲಿ ಗೀಚಿದ್ದಳು.

ಅವಳ ಗಂಡ ದುಬೈಯಲ್ಲಿ. ಈ ಊರಲ್ಲಿ ಕೊಲ್ಲಿ ದೇಶದ ದುಡಿಮೆ ಇಲ್ಲದ ಮನೆ ಹುಡುಕಬೇಕು. ನನ್ನ ಕತೆಯಲ್ಲಿ ವಿರಹ ಅಂದ್ರೆ ನಾಯಕಿ ಸಮುದ್ರ ನೋಡ್ತಾ ಕೂರೋದು. ನಾನಿದ್ದ ನಾಲ್ಕು ತಾಸಿನಲ್ಲಿ ಗೆಳತಿಗೆ ಮೂರು ಸಲ ವಿಡಿಯೋ ಕಾಲ್ ಬಂತು. ಒಂದು ಸಲ ಗ್ಯಾಸ್ ಸಿಲಿಂಡರ್ ವಿಷಯ, ಒಂದು ಸಲ ಮಗುವಿನ ಜ್ವರ. ಮೂರನೇ ಸಲ ಇಬ್ಬರೂ ಏನೂ ಮಾತಾಡಲಿಲ್ಲ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಇವಳು ಅಕ್ಕಿ ಆರಿಸ್ತಿದ್ದಳು, ಅಲ್ಲಿ ಅವನು ಶರ್ಟಿಗೆ ಇಸ್ತ್ರಿ ಹಾಕ್ತಿದ್ದ. ಸಮುದ್ರದ ಪುಟ ಅಲ್ಲೇ ಹರಿದೆ.

ಮಧ್ಯಾಹ್ನ ಹೊನ್ನಾವರದ ಬಸ್ಸು. ಮುರ್ಡೇಶ್ವರದಲ್ಲಿ ಇಳಿಯಲಿಲ್ಲ. 123 ಅಡಿ ಶಿವನ ಮುಂದೆ ಸೆಲ್ಫಿ ತೆಗೆಯೋ ಜೋಡಿಗಳೆಲ್ಲ ಹೊರಗಿನವರು. ಈ ಕಡೆ ಹುಡುಗ-ಹುಡುಗಿ ಅಲ್ಲಿಗೆ ಹೋದರೆ ಯಾರದೋ ಮಾವನ ಕಣ್ಣಿಗೆ ಬಿದ್ದೇ ಬೀಳ್ತಾರೆ.

ಹೊನ್ನಾವರದ ಕತೆಯ ನಾಯಕ ಕಾಸರಕೋಡಿನ ಬೋಟಿನವನು. ಜುಲೈ ತಿಂಗಳ ಬೆಳದಿಂಗಳಲ್ಲಿ ಬೋಟಿನ ಮೇಲೆ ಅವನು ಪ್ರೀತಿ ಹೇಳಿಕೊಳ್ಳುವ ದೃಶ್ಯ ಬರೆದು ನಾನೇ ಕಣ್ಣೀರು ಹಾಕಿದ್ದೆ. ಕಾಸರಕೋಡಿನಲ್ಲಿ ಬಲೆ ಸರಿ ಮಾಡ್ತಿದ್ದ ಹಿರಿಯರೊಬ್ಬರಿಗೆ ಸುಮ್ಮನೆ ಕೇಳಿದೆ, ಜುಲೈನಲ್ಲಿ ರಾತ್ರಿ ಬೋಟು ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ. ಅವರು ಬಲೆಯಿಂದ ತಲೆ ಎತ್ತಿದರು. “ಜುಲೈಯಾಗೆ ಯಾವ ಬೋಟು ತಂಗಿ? ಬಂದ್ ಅಲ್ದಾ?”

ಜೂನ್ 1ರಿಂದ ಜುಲೈ 31, ಅರವತ್ತೊಂದು ದಿನ ಯಾಂತ್ರಿಕ ಬೋಟುಗಳು ನೀರಿಗೆ ಇಳಿಯುವ ಹಾಗಿಲ್ಲ. ಕರಾವಳಿಯ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಬರೆಯುವಾಗ ಬೆಳದಿಂಗಳು ಬೇಕಾಗಿತ್ತು, ಮರೆತೆ. ಜುಲೈಯ ಮಳೆಯಲ್ಲಿ ಬೆಳದಿಂಗಳು ಎಲ್ಲಿಂದ ಬಂತು ಅನ್ನೋದನ್ನೂ ಯೋಚಿಸಿರಲಿಲ್ಲ. ಅವರ ಹತ್ತಿರ ಒಂದು ತಾಸು ಕೂತೆ. ಸೀಸನ್ನಿನಲ್ಲಿ ಗಂಡಸರು ಮನೇಲಿರೋದೇ ಕಡಿಮೆ, ಈ ಎರಡು ತಿಂಗಳಲ್ಲೇ ಬಲೆ ರಿಪೇರಿ, ಬೋಟಿಗೆ ಬಣ್ಣ, ಸಾಲದ ಲೆಕ್ಕ, ಹೆಣ್ಣು ನೋಡೋದು, ಜಗಳ ಎಲ್ಲ ಅಂದರು. ಅಂದ್ರೆ ನನ್ನ ನಾಯಕ ಪ್ರೀತಿ ಮಾಡಿದರೆ ಆ ಅರವತ್ತೊಂದು ದಿನದಲ್ಲೇ, ಮಳೆ ಸುರಿಯುವಾಗ, ಕೈಯಲ್ಲಿ ದುಡ್ಡಿಲ್ಲದಾಗ ಮಾಡಬೇಕು. ಇಡೀ ಕಾದಂಬರಿ ಮತ್ತೆ ಬರೀಬೇಕು. ಬೇಜಾರಾಗಲಿಲ್ಲ, ನಿಜ ಹೇಳ್ತೇನೆ, ನಾನು ಬರೆದಿದ್ದಕ್ಕಿಂತ ಅದೇ ಒಳ್ಳೆ ಕತೆ.

ಮರುದಿನ ಕುಮಟೆಗೆ ಪ್ಯಾಸೆಂಜರ್ ರೈಲಲ್ಲಿ ಹೋದೆ. ಅಳ್ವೆಕೋಡಿ ಕಡೆ ಹೆದ್ದಾರಿ ಬದಿ ಸಿಹಿ ಈರುಳ್ಳಿ ಜಡೆ ಹೆಣೆದು ತೂಗು ಹಾಕಿರ್ತಾರೆ, ಬಸ್ಸಲ್ಲಿ ಹೋಗಿದ್ದರೆ ಅಮ್ಮನಿಗೆ ಎರಡು ಜಡೆ ಕೊಳ್ಳಬಹುದಿತ್ತು. ಆದರೆ ಮೂರನೇ ಕಾದಂಬರಿಯಲ್ಲಿ ರೈಲೇ ಮುಖ್ಯ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ, ಪೂರ್ತಿ ಮಾರ್ಗ ತೆರೆದಿದ್ದು 1998ರ ಜನವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಎಲ್ಲೆಲ್ಲಿಂದಲೋ ಇಂಜಿನಿಯರುಗಳು ಬಂದು ಈ ಸಣ್ಣ ಊರುಗಳಲ್ಲಿ ಬಾಡಿಗೆಗೆ ಇದ್ದರು. ಅವರಲ್ಲಿ ಒಬ್ಬನನ್ನು ನನ್ನ ಚಿಕ್ಕಮ್ಮ ಇಷ್ಟಪಟ್ಟಿದ್ದಳಂತೆ. ಅಮ್ಮ ಯಾವಾಗಲೋ ಅಡುಗೆಮನೆಯಲ್ಲಿ ಹೇಳಿದ್ದು. ಕೆಲಸ ಮುಗೀತು, ಅವನು ಹೋದ, ಇವಳು ಮದುವೆಯಾಗಲಿಲ್ಲ. ಇಷ್ಟೇ. ಅದನ್ನು ಇಟ್ಟುಕೊಂಡು ನಾನು ನೂರೈವತ್ತು ಪುಟ ಬರೆದೆ. ಹೆಸರು ಬದಲಿಸಿದ್ದೆ, ಅಷ್ಟು ಸಾಕು ಅಂದ್ಕೊಂಡಿದ್ದೆ. ಪಿಡಿಎಫ್ ಅವಳಿಗೆ ವಾಟ್ಸಾಪ್ ಮಾಡಿದ್ದೆ. ನೀಲಿ ಟಿಕ್ ಬಿದ್ದು ಮೂರು ವಾರ, ಉತ್ತರ ಇಲ್ಲ.

ರೈಲು ಶರಾವತಿಯ ಸೇತುವೆ ದಾಟಿ ಬರುತ್ತಲ್ಲ, ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಅದರ ಮೇಲೆ ಸೂರ್ಯಾಸ್ತ ಬರೆದಿದ್ದೆ. ಈ ಸಲ ಅದರ ಕಡೆ ತಲೆಯೂ ಎತ್ತಲಿಲ್ಲ. ಯಶವಂತ ಚಿತ್ತಾಲರೇ ನೆನಪಾಗ್ತಿದ್ದರು. ಇದೇ ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು. ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ಕೆಲಸ ಮಾಡ್ತಾ ಜೀವನವಿಡೀ ಹನೇಹಳ್ಳಿಯನ್ನೇ ಮತ್ತೆಮತ್ತೆ ಬರೆದರು, ಹೆಸರು ಸಮೇತ. ನಾನೂ ಇಂಜಿನಿಯರ್, ನಾನೂ ದೂರದಲ್ಲಿ ಕೂತು ಬರೀತೇನೆ, ಅಂತ ಅವರನ್ನು ಎಷ್ಟೋ ಸಲ ನೆಪಕ್ಕೆ ಎಳೆದಿದ್ದೇನೆ. ಆದರೆ ಅವರ ‘ಮೂರು ದಾರಿಗಳು’ ಊರಿನ ಬಾಯಿಗೆ ಬಿದ್ದ ಹುಡುಗಿಯೊಬ್ಬಳ ಕತೆ ಅನ್ನೋದು ಆ ಹೊತ್ತಿಗೇ ತಲೆಗೆ ಬಂತು. ಹೊಟ್ಟೆಯಲ್ಲಿ ಏನೋ ಕಲಸಿತು.

ಚಿಕ್ಕಮ್ಮ ಬಾಗಿಲಲ್ಲೇ “ಬಂದ್ಯಾ, ಕೈಕಾಲು ತೊಳ್ಕ” ಅಂದಳು. ಕೊಕಂ ಪಾನಕ ಕೊಟ್ಟಳು. ಊಟ ಆಯ್ತು. ಎಲೆಅಡಿಕೆ ತಟ್ಟೆ ಎಳೆದುಕೊಂಡಮೇಲೆ ಅವಳೇ ಶುರು ಮಾಡಿದಳು.

“ಚೊಲೋ ಬರದ್ದೆ. ಆದರೆ ಅವ ನನ್ನ ಬಿಟ್ಟು ಹೋದ ಅಂತ ನಿಂಗೆ ಯಾರು ಹೇಳಿದ್ದು?”

ನಾನು ಅಮ್ಮನ ಹೆಸರು ಹೇಳಲಿಲ್ಲ.

“ಅವ ಕೇಳಿದ್ದ. ಮನೆಗೇ ಬಂದು ಕೇಳ್ತೆ ಅಂದಿದ್ದ. ನಾನೇ ಬೇಡ ಅಂದೆ. ಅವನ ಹಿಂದೆ ಊರೂರು ತಿರುಗೋಕೆ ನಂಗೆ ಮನಸಿರಲಿಲ್ಲ. ಶಾಲೆ ಕೆಲಸ ಸಿಕ್ಕಿತ್ತು, ನಂಗೆ ಅದು ಬೇಕಿತ್ತು.” ಅಡಿಕೆ ಕತ್ತರಿಸ್ತಾ ಹೇಳಿದಳು. “ಇಪ್ಪತ್ತೈದು ವರ್ಷದಿಂದ ಎಲ್ಲರೂ ಪಾಪ ಅಂತವೆ. ನೀನೂ ನೂರೈವತ್ತು ಪುಟ ಪಾಪ ಅಂದ್ಯಲೆ.”

ತಗೊಂಡುಬಿಡ್ತೇನೆ, ಅಳಿಸಿ ಹಾಕ್ತೇನೆ ಅಂದೆ. ಅವಳಿಗೆ ಅದು ಬೇಕಿರಲಿಲ್ಲ.

“ಬರಿ. ನಾನೇ ಬೇಡ ಅಂದಿದ್ದು ಅಂತ ಬರಿ. ಆದರೆ ಆ ಹಲಸಿನ ಮರ ತೆಗಿ. ಬಾವಿಕಟ್ಟೆ ಪಕ್ಕ ಹಲಸು ಇರೋ ಮನೆ ಈ ಕೇರಿಲಿ ಒಂದೇ. ಯಾರದು ಅಂತ ಓದಿದವರಿಗೆಲ್ಲ ಗೊತ್ತಾಗ್ತದೆ.”

ಇಡೀ ಪುಸ್ತಕದಲ್ಲಿ ನಾನು ಕಣ್ಣಾರೆ ಕಂಡು ಬರೆದದ್ದು ಅದೊಂದೇ ಮರ. ಅದನ್ನೂ ಹೇಳಿದೆ. ಅವಳು ನಕ್ಕಳು. “ಹೊನ್ನಾವರಕ್ಕೆ ಸಾಗಿಸು. ನಿಂದೇ ಊರಲ್ವಾ ಅದೂ.”

ಈ ಬರಹವನ್ನೂ ಅವಳಿಗೆ ಓದಿ ಹೇಳಿಯೇ ಕಳಿಸಿದ್ದೇನೆ. ಇಲ್ಲಿ ಹಲಸು ಅಂತ ಬರೆದಿದ್ದೇನಲ್ಲ, ಅದು ಹಲಸಲ್ಲ. ಚಿಕ್ಕಮ್ಮನೂ ಚಿಕ್ಕಮ್ಮನೇ ಅಂತ ನಂಬಬೇಡಿ.

ರಾತ್ರಿ ಬಸ್ಸು ಗೇರುಸೊಪ್ಪೆ ಘಾಟಿ ಹತ್ತುವಾಗ ಲ್ಯಾಪ್‌ಟಾಪ್ ತೆಗೆದು ಮರದ ಹೆಸರು ಹುಡುಕಿದೆ. ಹದಿನೇಳು ಕಡೆ ಇತ್ತು. ಎಲ್ಲ ಒಟ್ಟಿಗೆ ಬದಲಿಸೋ ಬಟನ್ ಒತ್ತಲಿಲ್ಲ. ಒಂದೊಂದೇ ತೆಗೀತಾ ಹೋದೆ. ಒಂಬತ್ತನೇದಕ್ಕೆ ಬರುವಾಗ ತಿರುವಿನಲ್ಲಿ ತಲೆ ಸುತ್ತಿ, ಮುಚ್ಚಿಟ್ಟೆ.